ಗರಗಸ ಬಿದ್ದ ದ್ವೀಪದ ನಕ್ಷೆ

ಗೋಡೆಯ ನಕ್ಷೆಯ ಮೇಲೆ ಯೆನಿ ಅಂಟಿಸಿದ ಕಾಗದದ ಮನೆಯನ್ನು ನೆಲಿದಾ ಟೀಚರ್ ಉಗುರಿನಿಂದ ಕೆರೆದು ತೆಗೆದಳು. ಬೆಳಿಗ್ಗೆಯಿಂದ ಇದು ಮೂರನೆಯ ಸಲ.

"ಅಲ್ಲಿಲ್ಲ ಕಣೇ ನಿಮ್ಮನೆ. ಎಲ್ಲಿದೆಯೋ ಅಲ್ಲಿ ಅಂಟಿಸು ಅಂದೆ."

ಎರಡನೇ ಕ್ಲಾಸಿನ ಯೆನಿ ಆ ಮನೆಗೆ ಮತ್ತೆ ಅಂಟು ಸವರತೊಡಗಿದಳು.

ಮರುದಿನ ದಡದ ಪುನೋ ಪಟ್ಟಣದಿಂದ ಅಧಿಕಾರಿ ಬರುವವನಿದ್ದ. ಯಾರ ಮನೆ ಎಲ್ಲಿದೆಯೆಂದು ಮಕ್ಕಳ ನಕ್ಷೆ ನೋಡಿ, ಸುತ್ತಾಡಿ ತಾಳೆ ಹಾಕಿ, ಸರಿಯಿದ್ದರೆ ಶಾಲೆಗೊಂದು ಮೋಟಾರು ದೋಣಿ ಮಂಜೂರು ಮಾಡುತ್ತಾನೆ. ಈಗಂತೂ ಆರೇಳು ವರ್ಷದ ಕೂಸುಗಳು ತಾವೇ ಹುಟ್ಟು ಹಾಕಿಕೊಂಡು ಬರುತ್ತವೆ. ಹೋದ ತಿಂಗಳು ಗಾಳಿಗೆ ಒಂದು ದೋಣಿ ಮಗುಚಿ, ಇಬ್ಬರನ್ನು ಜುಟ್ಟು ಹಿಡಿದು ಎತ್ತಿದ್ದಾಯಿತು. ಆದರೆ ಈ ಟಿಟಿಕಾಕಾ ಸರೋವರದಲ್ಲಿ ಭೂಗೋಳ ಹೇಳಿಕೊಡುವುದೆಂದರೆ, ಯಾರಿಗೂ ಬೇಡಪ್ಪಾ ಆ ಕರ್ಮ! ಮನೆಗಳಿರುವುದು ಜೊಂಡು ಹಾಸಿದ ತೇಲುದ್ವೀಪಗಳ ಮೇಲೆ. ಗೂಟ ಕಿತ್ತರೆ ಊರೇ ಹೊರಟಿತು. ಉತ್ತರ ಯಾವುದು ಎಂದರೆ 'ನಮ್ಮ ಬಾಗಿಲ ಕಡೆ' ಅನ್ನುತ್ತವೆ ಮಕ್ಕಳು. ಮರುವಾರ ಆ ಬಾಗಿಲು ಪಶ್ಚಿಮಕ್ಕೆ ತಿರುಗಿರುತ್ತದೆ.

ಯೆನಿಯದು ಇನ್ನೂ ದೊಡ್ಡ ಪೇಚು. ಭಾನುವಾರ ಅವಳಪ್ಪ ಫ್ಲೊರೆಂಟಿನೊ, ಹೊಸ ಜೊಂಡು ಹಾಸುವ ಸರದಿ ಯಾರದೆಂದು ಅಣ್ಣ ದಮಿಯಾನನ ಜೊತೆ ಜಗಳಕ್ಕೆ ಬಿದ್ದ. ಇಲ್ಲಿಯ ರೂಢಿಯಂತೆ ಗರಗಸ ತಂದು ದ್ವೀಪವನ್ನೇ ಎರಡಾಗಿ ಕೊಯ್ದು, ತನ್ನ ಪಾಲನ್ನು ಕಾಲುವೆಯಾಚೆಗೆ ಎಳೆದುಕೊಂಡು ಹೋಗಿ ಗೂಟ ಹೊಡೆದ. ಹುಡುಗಿ ಮಾತ್ರ ದೊಡ್ಡಪ್ಪನ ಮಗ್ಗುಲಿಗೇ ತಮ್ಮ ಮನೆ ಅಂಟಿಸುತ್ತಾಳೆ.

ನೆಲಿದಾಗೆ ರೇಗಿಹೋಯಿತು. ನಿನ್ನೊಬ್ಬಳಿಂದ ಎಲ್ಲರ ದೋಣಿ ಹೋಗುತ್ತದೆ ಎಂದು ಎಲ್ಲರೆದುರೇ ಬೈದಳು. ಬೈದಾದ ಮೇಲೆ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಫ್ಲೊರೆಂಟಿನೊನೇ ಮಗಳ ಕೈ ಹಿಡಿದುಕೊಂಡು ಬಂದ. ಟೋಪಿ ತೆಗೆದು ನಕ್ಷೆಯ ಮುಂದೆ ನಿಂತ. ದಮಿಯಾನನ ಮನೆಯ ಪಕ್ಕದಲ್ಲಿ ಕೆರೆದು ಕೆರೆದು ಕಾಗದ ತೂತುಬಿದ್ದಿತ್ತು.

"ಇದೇನು ಟೀಚರಮ್ಮ, ಇಲ್ಲಿ ಹರಿದಿದೆ?"

"ನಿಮ್ಮ ಮಗಳು ಅಂಟಿಸ್ತಾಳೆ, ನಾನು ಕೀಳ್ತೀನಿ. ನಂಗೂ ಸಾಕಾಯ್ತು. ನೀವೇ ಹೇಳಿ, ಎಲ್ಲಿ ಅಂಟಿಸ್ಲಿ?"

ಅವನು ಆ ತೂತಿನ ಅಂಚನ್ನು ಬೆರಳಿನಿಂದ ಸವರಿದ. ಸಾಹೇಬರು ಬರುವುದು ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದ. ಹತ್ತು ಗಂಟೆ ಅಂದದ್ದಕ್ಕೆ ತಲೆಯಾಡಿಸಿ ದೋಣಿ ಹತ್ತಿದ.

ಒಂಬತ್ತೂವರೆಗೆ ಮಕ್ಕಳೆಲ್ಲ ಕಿಟಕಿಗೆ ಮುತ್ತಿದರು. ಫ್ಲೊರೆಂಟಿನೊ ತನ್ನ ಪಾಲಿನ ದ್ವೀಪದ ಗೂಟ ಕೀಳುತ್ತಿದ್ದಾನೆ ಎಂದರು. ಯಾವ ಕಡೆಗೆ ಎಳೆಯುತ್ತಾನೆ ಎಂದು ನೆಲಿದಾ ಕೇಳಿದಳು. ಇನ್ನೂ ಗೊತ್ತಾಗುತ್ತಿಲ್ಲ ಎಂದರು.

ಯೆನಿ ಕಿಟಕಿಗೆ ಹೋಗಲಿಲ್ಲ. ತೂತಿನ ಮೇಲೆ ಮನೆಯನ್ನಿಟ್ಟು, ಅಂಟು ಆರಲೆಂದು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತಿದ್ದಳು.