ಚಪ್ಪಟೆಯಾದ ಸೀಸದ ಗುಂಡು

ನಾನು ಒಂದು ಸೀಸದ ಗುಂಡು. ಬಂದೂಕಿನದಲ್ಲ, ಗಾಳದ್ದು. ಗುಂಡು ಎಂದ ಕೂಡಲೇ ಜನ ಕಿವಿ ನಿಮಿರಿಸುತ್ತಾರೆ, ಗಾಳದ್ದು ಎಂದರೆ ಆಕಳಿಸುತ್ತಾರೆ. ಇರಲಿ. ಗಾಳದ ದಾರವನ್ನು ನೀರಿನ ತಳಕ್ಕೆ ಇಳಿಸಿ, ಅಲ್ಲಿ ಅಲ್ಲಾಡದಂತೆ ಹಿಡಿದುಕೊಂಡು ಕೂರುವುದು ನನ್ನ ಕೆಲಸ. ಮೀನು ಸಿಕ್ಕರೆ ಹೊಗಳಿಕೆ ಎಸೆದವನಿಗೆ, ಸಿಗದಿದ್ದರೆ ಬೈಗುಳ ನನಗೆ. ಹುಟ್ಟಿದಾಗಿನಿಂದ ಇದೇ ಹಾಡು.

ನಾನು ಹುಟ್ಟಿದ್ದು ಗಂಗೊಳ್ಳಿಯ ನಾರ್ಣ ಖಾರ್ವಿಯ ಹಿತ್ತಿಲಲ್ಲಿ. ಕೆಟ್ಟುಹೋದ ಲಾರಿ ಬ್ಯಾಟರಿಯ ಸೀಸವನ್ನು ಅವನು ಹಳೆಯ ಬಾಣಲೆಯಲ್ಲಿ ಕರಗಿಸಿ, ಮರದ ಅಚ್ಚಿಗೆ ಹೊಯ್ದ. ಆರಿದ ಮೇಲೆ ಅಂಗೈಯಲ್ಲಿ ಹೊರಳಿಸಿ ನೋಡಿ ಹೆಂಡತಿಯನ್ನು ಕರೆದ.

"ಕಾಣ್, ಎಷ್ಟ್ ಚಂದ ಗುಂಡಗೆ ಬಂತ್!"

ನಿಂಬೆಹಣ್ಣಿನಷ್ಟು ಗಾತ್ರ, ಎಲ್ಲೂ ಒಂದು ಉಬ್ಬಿಲ್ಲ, ತಗ್ಗಿಲ್ಲ. ನನ್ನ ಜೀವಮಾನದಲ್ಲಿ ಯಾರಾದರೂ ಮನಸಾರೆ ಹೊಗಳಿದ್ದು ಅದೊಂದೇ ಸಲ. ಆ ಮಾತನ್ನು ನಾನು ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ.

ನನ್ನನ್ನು ಮೊದಲು ಕೊಂಡವನು ಟೈಲರ್ ಲಾರೆನ್ಸ್. ಅವನು ಗಾಳ ಹಾಕುತ್ತಿದ್ದುದು ಹೊಳೆಯಲ್ಲಿ, ಅದೂ ಎಲೆ ಬಿದ್ದರೆ ಬಿದ್ದಲ್ಲೇ ತೇಲುವಂಥ ನಿಂತ ನೀರಲ್ಲಿ. ಅಂಥ ನೀರಿಗೆ ಹುಣಸೆ ಬೀಜದಷ್ಟು ಸೀಸ ಸಾಕು. ಈ ಮಹಾಶಯ ನನ್ನನ್ನು ಕಟ್ಟಿ ಎಸೆದ. ನಾನು ಡುಬುಕ್ಕೆಂದು ಬಿದ್ದ ಸದ್ದಿಗೆ ಆಚೆ ದಡದ ಕೊಕ್ಕರೆಯೂ ಹಾರಿಹೋಯಿತು, ಇನ್ನು ಮೀನಿನ ಮಾತೆಲ್ಲಿ? ದಿನವೂ ಬರಿಗೈಯಲ್ಲಿ ಮನೆಗೆ ಹೋಗುವಾಗ ಅವನು ನನ್ನನ್ನು ಶನಿ ಎಂದು ಬೈಯುತ್ತಿದ್ದ. ನಾನು ಕಡಲಿನ ಗುಂಡು ಮಾರಾಯ ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಸೀಸಕ್ಕೆ ಬಾಯಿ ಎಲ್ಲಿದೆ?

ಕೊನೆಗೆ ಅವನು ನನ್ನನ್ನು ಅಂಗಡಿಗೆ ಒಯ್ದು, ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಬಟ್ಟೆಯ ಮೇಲೆ ಇಟ್ಟ. ನಾನು ಉರುಳಿ ಅವನ ಕಾಲಿನ ಮೇಲೆ ಬಿದ್ದೆ. ಮತ್ತೆ ಇಟ್ಟ, ಮತ್ತೆ ಬಿದ್ದೆ. ಗುಂಡಗಿರುವುದು ಉರುಳುತ್ತದೆ ಎಂಬಷ್ಟು ಸಣ್ಣ ಸಂಗತಿ ಮನುಷ್ಯರ ತಲೆಗೆ ಯಾಕೆ ಹೋಗುವುದಿಲ್ಲವೋ ದೇವರೇ ಬಲ್ಲ.

ಅಲ್ಲಿಂದ ನಾನು ಹಾಲೇಶನ ಕೈಗೆ ಬಂದೆ. ಹಾಲೇಶ ದಾವಣಗೆರೆ ಕಡೆಯವನು, ಮೀನಿನ ಲಾರಿಯ ಡ್ರೈವರ್. ಬಂದರಿನಿಂದ ಘಟ್ಟದ ಮೇಲಕ್ಕೆ ಮೀನು ಸಾಗಿಸುತ್ತ ಸಾಗಿಸುತ್ತ ಕಂಚುಗೋಡಿನ ಸುಗಂಧಿಯನ್ನು ಮೆಚ್ಚಿ ಮದುವೆಯಾಗಿ, ಕಡಲಿಗೆ ಮುಖ ಮಾಡಿದ ಅವಳ ತಾಯಿಮನೆಯಲ್ಲೇ ನಿಂತಿದ್ದ. ಲೋಡುಗಟ್ಟಲೆ ಮೀನು ಹೊತ್ತವನು, ಆದರೆ ಒಂದು ಮೀನನ್ನೂ ತಾನಾಗಿ ಹಿಡಿದವನಲ್ಲ.

ಅದು ಮಳೆಗಾಲ. ದೋಣಿಗಳೆಲ್ಲ ದಡ ಸೇರಿದ್ದವು, ಲಾರಿಗೆ ಲೋಡಿಲ್ಲ. ಸುಗಂಧಿ ಬಸುರಿ. ಅವಳ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ಕುಡಿದರೆ ವಾಂತಿ, ಎಳನೀರು ಕುಡಿದರೆ ವಾಂತಿ. ಕೆನ್ನೆ ಒಳಗೆ ಹೋಗಿ ಕಣ್ಣು ಮಾತ್ರ ಉಳಿದಿತ್ತು. ಸೋಮವಾರದೊಳಗೆ ಏನಾದರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿ ಗ್ಲುಕೋಸ್ ಬಾಟ್ಲಿ ಏರಿಸಬೇಕು, ಮಗುವಿಗೂ ಒಳ್ಳೆಯದಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಏನು ತಿನ್ನಬೇಕೆನಿಸುತ್ತದೆ ಎಂದು ಕೇಳಿದರೆ ಸುಗಂಧಿಗೆ ಒಂದೇ ಉತ್ತರ: ಕಾಣೆ ಮೀನಿನ ಸಾರು. ಪೇಟೆಯ ಐಸ್ ಮೀನು ತಂದರೆ ವಾಸನೆಗೇ ಎದ್ದು ಓಡುತ್ತಿದ್ದಳು.

ಲಾರೆನ್ಸ್ ದಿನವೂ ಹೊಳೆಗೆ ಗಾಳ ಹಾಕುತ್ತಾನೆಂದು ಕೇಳಿ, ಹಾಲೇಶ ಮೀನಿಗಾಗಿ ಅವನ ಅಂಗಡಿಗೆ ಬಂದ.

"ಹೊಳೆ ಪೂರಾ ಕೆಂಪ್ ನೀರು, ಮೀನ್ ಎಲ್ಲಿಂದ ಕೊಡ್ಲಿ ಮಾರಾಯ? ಇದನ್ನ ತಕೊಂಡು ಕಡಲಿಗೆ ಹಾಕಿ ನೋಡು" ಎಂದು ಲಾರೆನ್ಸ್ ನನ್ನನ್ನೂ ಗಾಳದ ಕೋಲನ್ನೂ ಅವನಿಗೆ ದಾಟಿಸಿ ಕೈ ತೊಳೆದುಕೊಂಡ.

ಅಂತೂ ಕಡಲು! ಇನ್ನಾದರೂ ನನ್ನ ಬೆಲೆ ತಿಳಿಯುತ್ತದೆ ಎಂದು ನಾನು ಹಿಗ್ಗಿದೆ. ಹಿಗ್ಗಿದ್ದು ಮೊದಲ ಎಸೆತದವರೆಗೆ ಮಾತ್ರ. ಮಳೆಗಾಲದ ಅಲೆ ನೇರ ಬರುವುದಿಲ್ಲ. ಓರೆಯಾಗಿ ಬಂದು ದಡಕ್ಕೆ ಬಡಿಯುತ್ತದೆ, ಬಡಿದ ನೀರು ದಡದ ಪಕ್ಕದಲ್ಲೇ ತೆಂಕಕ್ಕೆ ಓಡುತ್ತದೆ. ಹಾಲೇಶ ನನ್ನನ್ನು ಮನೆಯ ಎದುರಿಗೆ ನೇರ ಎಸೆದ. ತಳ ಮುಟ್ಟಿದ್ದೇ ತಡ, ಸೆಳೆತ ನನ್ನನ್ನು ಉರುಳಿಸಿಕೊಂಡು ಹೊರಟಿತು. ಹಿಡಿದುಕೊಳ್ಳೋಣವೆಂದರೆ ನನಗೆ ಕೈಯಿಲ್ಲ, ಕಾಲಿಲ್ಲ, ಒಂದು ಮೂಲೆಯೂ ಇಲ್ಲ. ತೆಂಕಲಿನ ಕರಿಬಂಡೆಗೆ ತಾಗಿ ನಿಂತಾಗ ಗಾಳಕ್ಕೆ ಚುಚ್ಚಿದ್ದ ಸಿಗಡಿಯ ತುಂಡೂ ಇರಲಿಲ್ಲ, ಒಂದು ಹಳೆಯ ಚಪ್ಪಲಿಯ ಪಟ್ಟಿ ಸಿಕ್ಕಿಕೊಂಡಿತ್ತು.

"ಲೋಡ್ ಸಾಲ್ದಾಗೈತಿ" ಎಂದ ಹಾಲೇಶ, ತನಗೆ ತಾನೇ.

ಮರುದಿನ ಲಾರಿಯ ದೊಡ್ಡದೊಂದು ನಟ್ಟನ್ನು ನನ್ನ ಪಕ್ಕ ಕಟ್ಟಿದ. ಈಗ ಇಬ್ಬರೂ ಒಟ್ಟಿಗೆ ಉರುಳಿದೆವು. ನಟ್ಟು ಬಂಡೆಯ ಸಂದಿಯಲ್ಲಿ ಸಿಕ್ಕಿಹಾಕಿಕೊಂಡಿತು, ನಾನು ಅದರ ಜೊತೆ ನೇತಾಡಿದೆ. ಬಿಡಿಸಲು ಸೊಂಟಮಟ್ಟದ ನೀರಿಗೆ ಇಳಿದವನನ್ನು ಒಂದು ಅಲೆ ಕೆಡವಿ, ಮೂಗಿಗೆ ಬಾಯಿಗೆಲ್ಲ ಉಪ್ಪುನೀರು ಕುಡಿಸಿ ಕಳಿಸಿತು. ಆದರೂ ಬುದ್ಧಿ ಬರಲಿಲ್ಲ. ಇನ್ನೂ ದೂರ ಎಸೆದರೆ ಸರಿಹೋದೀತೆಂದು ಓಡಿ ಬಂದು ಎಸೆದ. ದೂರ ಹೋದಷ್ಟೂ ದಾರ ಉದ್ದ, ದಾರ ಉದ್ದವಾದಷ್ಟೂ ಸೆಳೆತಕ್ಕೆ ಎಳೆಯಲು ಹಿಡಿ ಹೆಚ್ಚು. ಇದನ್ನು ಯಾರಿಗೆ ಹೇಳಲಿ? ನನಗೆ ತಲೆ ಇದ್ದಿದ್ದರೆ ಚಚ್ಚಿಕೊಳ್ಳುತ್ತಿದ್ದೆ.

ಮನೆಯಲ್ಲಿ ಅತ್ತೆ ಪಾರ್ತಕ್ಕ ಅವನೊಡನೆ ನೇರ ಮಾತಾಡುತ್ತಿರಲಿಲ್ಲ. ಬುಟ್ಟಿ ಹೊತ್ತು ಮೀನು ಮಾರಿದವಳು, ಹಿಡಿದವಳಲ್ಲ. ಆದರೂ ಒದ್ದೆಮುದ್ದೆಯಾಗಿ ಬಂದವನನ್ನು ಕಂಡು ಜಗಲಿಯ ಕಂಬಕ್ಕೆ ಹೇಳಿದಳು: "ಘಟ್ಟದ್ ಮೇಲ್ನವ್ರಿಗೆ ಕಡ್ಲ್ ಅಂದ್ರೆ ಊರ್ ಕೆರಿ ಇದ್ದಂಗೆ."

ಭಾನುವಾರವಾಯಿತು. ಮಳೆ ಬಿಟ್ಟು ಒಂದಿಷ್ಟು ಹೊಳವಾಗಿತ್ತು. ಸುಗಂಧಿ ಜಗಲಿಯಲ್ಲಿ ಗೋಡೆಗೆ ಒರಗಿ ಕೂತು, ಗಂಡ ಎಸೆಯುವುದನ್ನೂ ಕರಿಬಂಡೆಗೆ ಓಡುವುದನ್ನೂ ಬೆಳಗಿನಿಂದ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಕೂತು ಗಾಳ ಕಟ್ಟಿಕೊಟ್ಟವಳು ಅವಳು. ಹಾಲೇಶ ಬರಿಗೈಯಲ್ಲಿ ಬಂದಾಗ ಅವಳ ತಾಳ್ಮೆ ಮುಗಿಯಿತು.

"ಹ್ವಾಯ್, ಎಸ್ದದ್ದ್ ಎಲ್ಲಿ? ಸಿಕ್ಕದ್ದ್ ಎಲ್ಲಿ?"

"ಎಸ್ದಿದ್ದು ಮನಿ ಎದುರಿಗೆ. ಸಿಕ್ಕಿದ್ದು ಆ ಕರಿಬಂಡೆ ಹತ್ರ."

"ಅಷ್ಟ್ ದೂರ ನೀರ್ ಎಳ್ಕಂಡ್ ಹೋಪುದ್ ಕಣ್ಣಿಗೆ ಕಾಂತಿಲ್ಯಾ?"

"ಅದಕ್ಕs ಲೋಡ್ ಹೆಚ್ಚು ಮಾಡಿದ್ನಲ್ಲ!"

"ಎಷ್ಟ್ ಲೋಡ್ ಹಾಕ್ರೂ ಲಾರಿ ಇಳಿಜಾರಲ್ಲಿ ಉರುಳ್ತಿಲ್ಯಾ? ಚಕ್ರಕ್ಕೆ ಕಲ್ಲ್ ಕೊಡುದ್ ಎಂತಕ್ಕೆ ಮತ್ತೆ? ಇದ್ ಇಡೀ ಮೈಯೇ ಚಕ್ರ. ಕೊಡಿ ಇಲ್ಲ್!"

ನಾನು ಬೆರಗಾದೆ. ಅಬ್ಬಾ, ನನ್ನ ಸಂಕಟ ಬಲ್ಲವಳು ಒಬ್ಬಳಾದರೂ ಇದ್ದಾಳಲ್ಲ ಎಂದು ಸಂತೋಷಪಡುವಷ್ಟರಲ್ಲಿ ಅವಳು ಲಾರಿಯ ಸುತ್ತಿಗೆ ತರಿಸಿ, ನನ್ನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು.

ಮೊದಲ ಪೆಟ್ಟಿಗೆ ನನ್ನ ಬೆನ್ನಿನಲ್ಲಿ ಹೊಂಡ ಬಿತ್ತು. ಎರಡನೆಯದಕ್ಕೆ ಪಕ್ಕ ಹರಡಿತು. ನಡುವೆ ಒಮ್ಮೆ ಎದ್ದು ಹೋಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಬಂದು ಮತ್ತೆ ಬಡಿದಳು. ಅದರಲ್ಲಿ ಗಂಡನಿಗೆ ಸೇರಬೇಕಾದ ಪೆಟ್ಟಿತ್ತು, ಕಂಬಕ್ಕೆ ಮಾತಾಡುವ ತಾಯಿಗೆ ಸೇರಬೇಕಾದದ್ದಿತ್ತು, ಇಷ್ಟು ದಿನ ಒಳಗೆ ನಿಲ್ಲದೆ ಹೊರಬಂದ ಪ್ರತಿ ತುತ್ತಿನ ಸಿಟ್ಟೂ ಇತ್ತು. ಎಲ್ಲವನ್ನೂ ನಾನೇ ತಿಂದೆ. ನಾರ್ಣ ಖಾರ್ವಿ ಹೊಗಳಿದ ಆ ಚಂದದ ಮೈ ನೀರುದೋಸೆಯ ಹಿಟ್ಟು ಚೆಲ್ಲಿದ ಹಾಗೆ ಅಡ್ಡಾದಿಡ್ಡಿಯಾಗಿ ಹೋಯಿತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

"ಈಗ ಹೋಯ್ನಿ. ನೇರ ಹಾಕ್ಬೇಡಿ, ನೀರ್ ಬಪ್ಪ ಬದಿಗೆ, ಬಡಗಕ್ಕೆ ಓರೆಯಾಯ್ ಹಾಕಿ. ದೂರ ಬ್ಯಾಡ. ಕೆಂಪ್ ನೀರ್ ಕಡ್ಲಿಗೆ ವಾಪಾಸ್ ಹೋಪಲ್ಲ್ ಮಾತ್ರ ಕಾಲ್ ಇಡ್ಬೇಡಿ, ಕೊಂಡ್ಹೋತ್ತ್." ಅಷ್ಟು ಹೇಳಿ ಸುಗಂಧಿ ಸುಸ್ತಾಗಿ ಮಲಗಿದಳು.

ಹಾಲೇಶ ಹೋಗಿ ಹಾಗೆಯೇ ಎಸೆದ. ನಾನು ತಳ ಮುಟ್ಟಿದೆ. ಸೆಳೆತ ಬಂತು, ನನ್ನನ್ನು ತಳ್ಳಿತು. ನಾನು ಒಂದಿಷ್ಟು ಜಾರಿದೆ, ಒಂದು ಅಂಚು ಮರಳಿಗೆ ಕಚ್ಚಿತು. ಇನ್ನೊಂದು ಅಲೆ ನನ್ನ ಮೇಲೆಯೇ ಹಾದು ಹೋಯಿತು. ನಾನು ಅಲ್ಲೇ ಇದ್ದೆ! ಹುಟ್ಟಿದ ಮೇಲೆ ಮೊದಲ ಸಲ, ಇಟ್ಟ ಜಾಗದಲ್ಲಿ ಇದ್ದೆ. ದಾರ ಬಿಗಿಯಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಅದರಲ್ಲಿ ಟುಕ್ ಟುಕ್ ಎಂದು ಯಾರೋ ಬಾಗಿಲು ತಟ್ಟಿದ ಹಾಗಾಯಿತು.

ಗೇಣುದ್ದದ ಕಾಣೆ. ಹಾಲೇಶ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಕ್ಕಳ ಹಾಗೆ ಕೂಗಿಕೊಂಡ. ಹೊತ್ತು ಮುಳುಗುವ ಮೊದಲು ಇನ್ನೂ ಒಂದು ಸಿಕ್ಕಿತು.

ಪಾರ್ತಕ್ಕ ಸಾರು ಮಾಡಿದಳು. ಸುಗಂಧಿ ಒಂದು ತುತ್ತು ತಿಂದಳು. ಮನೆಯವರೆಲ್ಲ ಉಸಿರು ಹಿಡಿದು ಅವಳ ಮುಖ ನೋಡುತ್ತಿದ್ದರು. ಕಿಟಕಿಯ ಮೇಲಿಂದ ನಾನೂ ನೋಡುತ್ತಿದ್ದೆ. ಅವಳು ಎದ್ದು ಓಡಲಿಲ್ಲ. ಇನ್ನೊಂದು ತುತ್ತು ತಿಂದಳು. ಆಮೇಲೆ ತಟ್ಟೆ ಮುಂದಕ್ಕೆ ಚಾಚಿ "ಇನ್ನೊಂಚೂರ್ ಹಾಕ್" ಎಂದಳು. ಪಾರ್ತಕ್ಕ ಅಳುತ್ತ ಬಡಿಸಿದಳು. ಬಡಿಸುತ್ತ ಕಂಬವನ್ನು ಬಿಟ್ಟು ಅಳಿಯನ ಕಡೆಗೇ ತಿರುಗಿ, "ನೀವೂ ಕೂಕಣಿ, ಉಣ್ಣಿ" ಎಂದಳು. ಸೋಮವಾರ ಯಾರೂ ಆಸ್ಪತ್ರೆಗೆ ಹೋಗಲಿಲ್ಲ.

ಈಗ ನನಗೆ ವಯಸ್ಸಾಗಿದೆ, ಮೈ ಕಪ್ಪಾಗಿದೆ. ಹಾಲೇಶನ ಲಾರಿಯಲ್ಲಿ, ಸ್ಟಿಯರಿಂಗಿನ ಮುಂದೆ ನನ್ನ ಜಾಗ. ಪಕ್ಕದಲ್ಲಿ ದೃಷ್ಟಿಗೆಂದು ಇಟ್ಟ ನಿಂಬೆಹಣ್ಣು ಘಟ್ಟದ ತಿರುವು ತಿರುವಿಗೂ ಅತ್ತಿಂದಿತ್ತ ಉರುಳಿ ನನ್ನ ತಲೆ ತಿನ್ನುತ್ತದೆ. ನಾನು ಕದಲುವುದಿಲ್ಲ. ಮೊನ್ನೆ ಅವನ ಮಗಳು ನನ್ನನ್ನು ಎತ್ತಿಕೊಂಡು, "ಅಪ್ಪಯ್ಯ, ಇದ್ ಎಂತಕ್ಕೆ ಹಿಂಗಿತ್ತ್?" ಎಂದು ಕೇಳಿದಳು.

"ನಾನs ಬಡ್ದು ಚಪ್ಪಟಿ ಮಾಡಿದ್ದು" ಎಂದ ಆ ಪುಣ್ಯಾತ್ಮ, ಹೆಂಡತಿಯ ಎದುರಿಗೇ! ಸುಗಂಧಿ ನಕ್ಕು, ಹೌದೌದು ಎಂದು ತಲೆಯಾಡಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಾತು, ಒಂದೇ ಒಂದು ಮಾತು ಆಡಲು ಬಂದಿದ್ದರೆ!

ಆದರೆ ಲಾರಿ ಘಟ್ಟ ಹತ್ತುವ ಮೊದಲು, ಕ್ಲೀನರ್ ಕೆಳಗಿಳಿದು ಟೈರು ನೋಡುತ್ತಿರುವಾಗ, ಹಾಲೇಶ ಪ್ರತಿ ಸಲವೂ ಹೆಬ್ಬೆರಳನ್ನು ನನ್ನ ಬೆನ್ನಿನ ಹೊಂಡದಲ್ಲಿ ಇಟ್ಟು ಕಣ್ಣಿಗೊತ್ತಿಕೊಳ್ಳುತ್ತಾನೆ. ಅದು ಸುಗಂಧಿ ಹೊಡೆದ ಮೊದಲ ಪೆಟ್ಟಿನ ಹೊಂಡ.