ಕಿವಿಯಪ್ಪನ ಹೆಡ್‌ಫೋನ್

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕಿವಿಯಪ್ಪ ಎಂದೇ ಕರೆಯುತ್ತಿದ್ದರು. ಎದುರಿಗೆ ಕೈಕಟ್ಟಿಕೊಂಡು, ಬೆನ್ನ ಹಿಂದೆ ಹಲ್ಲು ಕಡಿದುಕೊಂಡು. ಇಪ್ಪತ್ತಾರು ವರ್ಷದಿಂದ ಹಾಡುಗಳ ಮಿಕ್ಸಿಂಗ್ ಅವನದೇ ಕೆಲಸ. ಗಾಯಕಿಯ ದನಿ ಎಷ್ಟಿರಬೇಕು, ಡ್ರಮ್ ಎಲ್ಲಿ ತಗ್ಗಬೇಕು, ಎಲ್ಲ ಅವನು ಹೇಳಿದಂತೆ. ಕಿವಿ ಚುರುಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನಾಲಿಗೆ ಮಾತ್ರ ಅದಕ್ಕಿಂತ ಚುರುಕು.

ಅಲ್ಲಿ ಯಂತ್ರಗಳ ರಿಪೇರಿ ಮಾಡುತ್ತಿದ್ದವನು ಅವನ ಹೆಂಡತಿಯ ತಮ್ಮ. ಹನ್ನೊಂದು ವರ್ಷ ಬೆಸುಗೆಯ ಹೊಗೆ ಕುಡಿದ ಮೇಲೆ ಆ ಮೈದುನ ಒಂದು ಹಾಡನ್ನು ತಾನೇ ಮಿಕ್ಸ್ ಮಾಡಿ ಹೆದರುತ್ತ ಹೆದರುತ್ತ ಭಾವನಿಗೆ ಕೇಳಿಸಿದ. ಕಿವಿಯಪ್ಪ ಅರ್ಧ ನಿಮಿಷ ಕೇಳಿ ಹೆಡ್‌ಫೋನ್ ಕಳಚಿದ. ವಾದ್ಯದವರೆಲ್ಲ ಸುತ್ತ ನಿಂತಿದ್ದರು.

"ಅಲ್ಲಪ್ಪಾ, ದೇವರು ನಿನಗೆ ಕಿವಿ ಕೊಟ್ಟಿರೋದು ಕನ್ನಡಕ ಸಿಗಿಸ್ಕೊಳ್ಳೋಕೆ ಮಾತ್ರಾನಾ?"

ಎಲ್ಲರೂ ಗೊಳ್ಳೆಂದರು. ಮೈದುನನೂ ನಕ್ಕ, ನಕ್ಕು ಕನ್ನಡಕ ಸರಿಮಾಡಿಕೊಂಡ, ಅದಕ್ಕೆ ಇನ್ನೊಂದು ಸುತ್ತು ನಗು ಬಂತು.

ಮನೆಯಲ್ಲೂ ಇದೇ ಕಥೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತ ಹಾಡಿಕೊಳ್ಳುತ್ತಿದ್ದಳು. "ನಿನಗಿಂತ ಆ ಪಾತ್ರೆನೇ ಶ್ರುತಿಲಿದೆ, ಬಾಯಿ ಮುಚ್ಚು" ಅಂದಿದ್ದ. ಅವತ್ತು ಮುಚ್ಚಿದ ಬಾಯಿ ಮತ್ತೆ ಹಾಡಲಿಲ್ಲ. ಅಂದವನಿಗೆ ಅದು ನೆನಪೂ ಇರಲಿಲ್ಲ ಬಿಡಿ.

ಕಿವಿಯಪ್ಪನಿಗೆ ಸ್ಪೀಕರ್ ಕಂಡರಾಗದು. "ಸ್ಪೀಕರ್ ಹಾಕಿದ್ರೆ ಗೋಡೆಗಳೂ ಬಾಯಿ ಹಾಕ್ತವೆ" ಅನ್ನುತ್ತಿದ್ದ. ಅವನದು ಒಂದೇ ಹೆಡ್‌ಫೋನ್, ಅದಕ್ಕೆ ಒಂದೇ ಆಂಪ್ಲಿಫೈಯರ್ ಡಬ್ಬ. ಬೇರೆ ಯಾರೂ ಅದನ್ನು ತಲೆಗೆ ಹಾಕುವಂತಿರಲಿಲ್ಲ. ಸ್ಟುಡಿಯೋದ ಯಜಮಾನನೇ ಒಮ್ಮೆ ಕೈ ಹಾಕಿ ಉಗಿಸಿಕೊಂಡಿದ್ದ.

ಒಂದು ದಿನ ಆ ಡಬ್ಬದ ಸದ್ದು ಏರಿಸಿ ಇಳಿಸುವ ಗುಂಡಿ ಕರಕರ ಎನ್ನತೊಡಗಿತು. ಮೈದುನ ಅದನ್ನು ತನ್ನ ಮೇಜಿಗೆ ಒಯ್ದು, ಗಂಟೆಯೊಳಗೆ ತಂದುಕೊಟ್ಟ. ಕರಕರ ಹೋಗಿತ್ತು. ಆದರೆ ಮೊದಲು ಅರ್ಧ ತಿರುಗಿಸಿದರೆ ಸಾಕಾಗುತ್ತಿದ್ದ ಗುಂಡಿಯನ್ನು ಈಗ ಮುಕ್ಕಾಲು ತಿರುಗಿಸಬೇಕಾಯಿತು. ಕಿವಿಯಪ್ಪ ಮೈದುನನ ಕಡೆ ತಿರುಗಿದ.

"ಡಬ್ಬ ಸರಿ ಇದೆಯೇನೋ?"

"ಹೊಸದರ ಹಾಗಿದೆ ಭಾವ." ಮೈದುನ ಕನ್ನಡಕ ಒರೆಸುತ್ತ ಹೇಳಿದ, "ವಯಸ್ಸಾದ ಮೇಲೆ ಸ್ವಲ್ಪ ಜೋರಾಗೇ ಬೇಕಾಗುತ್ತೆ, ಅಲ್ವಾ?"

ಆ ಮಾತು ಹುಳದಂತೆ ತಲೆಯೊಳಗೆ ಹೊಕ್ಕಿತು. ಅವತ್ತಿನಿಂದ ಡ್ರಮ್ಮಿನ ಧಂ ಎನ್ನುವ ತಗ್ಗಿನ ಸದ್ದೆಲ್ಲ ಅವನಿಗೆ ಊದಿಕೊಂಡು, ಗುಂಯ್ ಎಂದು ಕೇಳತೊಡಗಿತು. ಹಾಗೆ ಕೇಳಿದ್ದನ್ನು ಅವನು ತಗ್ಗಿಸಿದ, ಮತ್ತೂ ತಗ್ಗಿಸಿದ. ಮೂರನೇ ವಾರ ಗಾಯಕಿ ಕೆಂಡಕಾರುತ್ತ ಬಂದಳು.

"ಏನ್ರೀ ಇದು? ಡ್ರಮ್ ಹೊಡೀತಿದಾರೋ, ಚಮಚದಲ್ಲಿ ಡಬ್ಬ ಬಡೀತಿದಾರೋ? ಹಾಡಲ್ಲಿ ಜೀವಾನೇ ಇಲ್ಲ!"

ಒಂದಲ್ಲ, ಎರಡಲ್ಲ, ನಾಲ್ಕು ಹಾಡು ಹೀಗೇ ವಾಪಸ್ ಬಂದವು. ವಾದ್ಯದವನೊಬ್ಬ ಕಪಾಟಿನಿಂದ ಹಳೆಯ ದಪ್ಪ ಹೆಡ್‌ಫೋನ್ ತಂದು, "ಇದರಲ್ಲೊಂದ್ಸಲ ಕೇಳಿ ನೋಡಿ" ಎಂದ. ಮೂಲೆಯಲ್ಲಿದ್ದ ಮೈದುನನ ಮುಖ ಬಿಳಿಚಿತು. ಕಿವಿಯಪ್ಪ ಅದನ್ನು ನೋಡಲಿಲ್ಲ.

"ಆ ದರಿದ್ರಾನ ನನ್ನ ತಲೆಗೆ ಹಾಕ್ಬೇಡ" ಎಂದು ತಳ್ಳಿಬಿಟ್ಟ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, "ಈ ವಯಸ್ಸಿಗೆ ಚೆನ್ನಾಗೇ ಇದೆ" ಎಂದರು. "ಈ ವಯಸ್ಸಿಗೆ" ಎಂಬುದೊಂದೇ ಅವನ ತಲೆಯಲ್ಲಿ ಉಳಿಯಿತು. ಹೆಡ್‌ಫೋನ್ ಸುಳ್ಳು ಹೇಳುವುದಿಲ್ಲ, ಅಂದ ಮೇಲೆ ಕಿವಿಯೇ ಸುಳ್ಳು ಹೇಳುತ್ತಿರಬೇಕು. ಅಯ್ಯೋ, ಆ ಮನುಷ್ಯ ಊಟ ಬಿಟ್ಟ. ಕಿವಿ ಬಿಟ್ಟರೆ ತಾನು ಏನೂ ಅಲ್ಲವೆಂದು ಅವನಿಗೆ ಗೊತ್ತಿತ್ತು.

ಕೊನೆಗೆ ಯಜಮಾನ ಎಲ್ಲರನ್ನೂ ದೊಡ್ಡ ಕೋಣೆಯಲ್ಲಿ ಸೇರಿಸಿದ. ಬೇರೆಯವರು ಹೇಳುವ ಮೊದಲು ತಾನೇ ಹೇಳಿದರೆ ಮಾನವಾದರೂ ಉಳಿದೀತೆಂದು ಕಿವಿಯಪ್ಪ ಎದ್ದು ಮೈಕ್ ಹಿಡಿದ. "ನನ್ನ ಕಿವಿ ಹೋಯ್ತು. ಇನ್ಮೇಲೆ ಈ ಕುರ್ಚಿ ನನ್ನ ಮೈದುನಂದು, ಮನೆಯೊಳಗಾದ್ರೂ ಉಳೀಲಿ" ಎಂದ. ಒಬ್ಬರೂ "ಛೆ, ಹಾಗನ್ಬೇಡಿ" ಅನ್ನಲಿಲ್ಲ. ಎಲ್ಲರೂ ಸೇರಿ ಮೊದಲೇ ತಂದಿಟ್ಟಿದ್ದ ಒಂದು ಚೆಂದದ ಪೊಟ್ಟಣ ಕೊಟ್ಟರು. ಬಿಚ್ಚಿದರೆ ಕಿವಿಗೆ ಹಾಕುವ ಯಂತ್ರ, ಕಿವುಡರದ್ದು. "ಹಾಕ್ಕೊಳ್ಳಿ, ಹಾಕ್ಕೊಳ್ಳಿ" ಎಂದು ಒತ್ತಾಯ ಮಾಡಿ ಹಾಕಿಸಿದರು, ಆಮೇಲೆ ಚಪ್ಪಾಳೆ ತಟ್ಟಿದರು. ಒಂದೊಂದು ಚಪ್ಪಾಳೆಯೂ ಕೆನ್ನೆಗೆ ಬಾರಿಸಿದ ಹಾಗೆ ಕೇಳಿಸಿತು.

ಮನೆಯಲ್ಲಿ ಹೆಂಡತಿ ಅಂದಿನಿಂದ ಕಿವಿಯ ಹತ್ತಿರ ಬಾಯಿಟ್ಟು ಕಿರುಚತೊಡಗಿದಳು. "ರೀ! ಊಟ! ಊಟ!" ಎದುರುಮನೆಯವರು ಕಿಟಕಿ ತೆಗೆದು ನೋಡುತ್ತಿದ್ದರು. "ಕೇಳುತ್ತೆ ಕಣೇ, ಮೆತ್ತಗೆ ಹೇಳು" ಅಂದರೆ, "ಪಾಪ, ಒಪ್ಕೊಳ್ಳೋಕೆ ಕಷ್ಟ" ಎಂದು ಕಿಟಕಿಯವರಿಗೆ ವಿವರಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಯಂತ್ರವನ್ನು ಜೇಬಿಗೆ ಹಾಕಿಕೊಂಡು ಹಜಾರದಲ್ಲಿ ಪೇಪರ್ ಹಿಡಿದು ಕೂತಿದ್ದ. ಅಡುಗೆಮನೆಯಲ್ಲಿ ಅಕ್ಕ ತಮ್ಮ ಟೀ ಕುಡಿಯುತ್ತಿದ್ದರು. ಬಾಗಿಲು ತೆರೆದೇ ಇತ್ತು. ಕಿವುಡನಿಗೆ ಬಾಗಿಲು ಯಾಕೆ ಮುಚ್ಚಬೇಕು?

"ಆ ಡಬ್ಬದೊಳಗೆ ಅದೆಂಥದ್ದೋ ಇಟ್ಟಿದ್ಯಲ್ಲ, ತೆಗೆದ್ಯಾ?" ಅಕ್ಕನ ದನಿ.

"ಕುರ್ಚಿ ಸಿಕ್ಕ ದಿನಾನೇ ತೆಗೆದೆ. ಎರಡೇ ಎರಡು ರೆಸಿಸ್ಟರ್ ಅಕ್ಕ, ಕರೆಂಟಿಗೆ ತಡೆ ಹಾಕೋ ಚೂರು, ಎಡಕ್ಕೊಂದು ಬಲಕ್ಕೊಂದು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ."

"ಅಷ್ಟಕ್ಕೇ ಇಷ್ಟೊಂದಾಯ್ತಾ?"

"ಡಬ್ಬದ ಒಳಗಿನ ತಡೆ ಕಡಿಮೆ ಇದ್ರೆ ಹೆಡ್‌ಫೋನ್ ಅದರ ಹಿಡಿತದಲ್ಲಿರುತ್ತೆ. ತಡೆ ಜಾಸ್ತಿ ಮಾಡಿದ್ರೆ ಬ್ರೇಕ್ ಇಲ್ಲದ ಸೈಕಲ್. ತಗ್ಗಿನ ಸದ್ದು ಊದ್ಕೊಳ್ಳುತ್ತೆ, ನಿಲ್ಲು ಅಂದ್ರೂ ನಿಲ್ಲಲ್ಲ. ಭಾವನ ಹೆಡ್‌ಫೋನಿನ ತಡೆ ಮೂವತ್ತೆರಡು ಓಮ್, ನಾನಿಟ್ಟಿದ್ದು ನೂರಿಪ್ಪತ್ತು. ಆ ಹಳೇ ದಪ್ಪದು ಆರುನೂರು ಓಮ್‌ದು, ಅದಕ್ಕೆ ಇದು ಲೆಕ್ಕಕ್ಕೇ ಇಲ್ಲ. ಅದನ್ನ ಒಂದ್ಸಲ ಹಾಕ್ಕೊಂಡಿದ್ರೆ ಎಲ್ಲ ಸರಿಯಾಗಿ ಕೇಳ್ತಿತ್ತು, ನಾನು ಸಿಕ್ಕಿಬೀಳ್ತಿದ್ದೆ."

"ಹಾಕ್ಕೊಳ್ಳಲ್ಲ ಅಂತ ನಾನು ಹೇಳಿರ್ಲಿಲ್ವಾ? ಅವರ ಕೊಬ್ಬು ನನಗೆ ಗೊತ್ತಿಲ್ವಾ?"

"ನೀನು ಹೂಂ ಅಂದಿದ್ದಕ್ಕೇ ಧೈರ್ಯ ಬಂತು ಅಕ್ಕ."

ಕಿವಿಯಪ್ಪನ ಕೈಯಿಂದ ಪೇಪರ್ ಜಾರಿತು. ಸಿಟ್ಟಿಗಿಂತ ಮೊದಲು ಅವನಿಗಾದದ್ದು ಸಂತೋಷ. ಕಿವಿ ಸರಿಯಿದೆ! ನನ್ನ ಕಿವಿ ಸರಿಯಿದೆ! ಆಮೇಲೆ ಸಿಟ್ಟು ಬಂತು. ನೇರ ಹೋಗಿ ಬಾಗಿಲಲ್ಲಿ ನಿಂತ.

"ಎಲ್ಲಾ ಕೇಳಿಸ್ಕೊಂಡೆ! ನೂರಿಪ್ಪತ್ತು ಓಮ್! ಈಗಲೇ ಯಜಮಾನರ ಹತ್ರ ಹೋಗ್ತೀನಿ!"

ಮೈದುನ ಲೋಟ ಕೆಳಗಿಟ್ಟು ಎದ್ದು ನಿಂತ. ಹೆಂಡತಿ ಮಾತ್ರ ಕದಲಲಿಲ್ಲ. ಇಷ್ಟು ದಿನ ಕಿರುಚುತ್ತಿದ್ದವಳು ಈಗ ತೀರ ಮೆಲ್ಲಗೆ, ಪಿಸುಮಾತಿನಲ್ಲಿ ಹೇಳಿದಳು:

"ಹೋಗಿ. ಡಬ್ಬ ಬಿಚ್ಚಿ ನೋಡ್ತಾರೆ, ಏನೂ ಇರಲ್ಲ. ಕಿವಿ ಹೋಯ್ತು ಅಂತ ಮೈಕ್ ಹಿಡಿದು ಹೇಳಿದವರು ನೀವೇ ಅಲ್ವಾ? ಪಾಪ, ಈಗ ಇಲ್ಲದ್ದೆಲ್ಲ ಕೇಳಿಸ್ತಿದೆಯಂತೆ ಅಂತಾರೆ."

ಒಂದೊಂದು ಅಕ್ಷರವೂ ಅವನಿಗೆ ಕೇಳಿಸಿತು. ಅವಳು ಹತ್ತಿರ ಬಂದು ಅವನ ಜೇಬಿನಿಂದ ಯಂತ್ರ ತೆಗೆದಳು, ಮಗುವಿಗೆ ಹಾಕುವಷ್ಟು ಜೋಪಾನವಾಗಿ ಅವನ ಕಿವಿಗೆ ಸಿಕ್ಕಿಸಿದಳು, ಸಣ್ಣ ತಿರುಗಣೆಯನ್ನು ಕೊನೆಯ ತನಕ ತಿರುಗಿಸಿದಳು. ಆಮೇಲೆ ನಲ್ಲಿ ಬಿಟ್ಟು, ಟೀ ಲೋಟ ತೊಳೆಯುತ್ತ, ಇಷ್ಟು ವರ್ಷದ ಮೇಲೆ ಗಂಟಲು ಬಿಚ್ಚಿ ಹಾಡತೊಡಗಿದಳು.

ಶ್ರುತಿ ಕೂದಲೆಳೆಯಷ್ಟು ಕೆಳಗಿತ್ತು. ಅದನ್ನು ಹೇಳಿದರೆ ನಂಬುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.