ಎರಡು ಕೊಂಬಿಗೆ ಒಂದೇ ಪಿನ್ನು

ನಾನು ಬೀಳಿಸಲಿಲ್ಲ. ನಿನ್ನೆ ಸಂಜೆಯಿಂದ ಸಿಕ್ಕಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ, ಒಬ್ಬರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಹಾಡಿನ ಮಧ್ಯೆ ಬೇಸ್ ಗಿಟಾರು ನನ್ನ ಹೆಗಲಿನಿಂದ ಕಳಚಿ ವೇದಿಕೆ ಮೇಲೆ ಬಿದ್ದದ್ದು ನಿಜ. ಆ ಸದ್ದಿಗೆ ಮುಂದಿನ ಸಾಲಿನವರು ಬೆಚ್ಚಿಬಿದ್ದು ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದೂ ನಿಜ. ಆದರೆ ಹೆಗಲಪಟ್ಟಿ ಸಿಕ್ಕಿಸುವ ಪಿನ್ನೇ ಗಿಟಾರಿನ ಮರದಿಂದ ಕಿತ್ತುಕೊಂಡು ಬಂದರೆ ನಾನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಿತ್ತೇ?

ಬೆಳಿಗ್ಗೆ ಮೇಷ್ಟ್ರ ಫೋನು ಬಂತು. ಅವರು ನಮ್ಮ ವಾದ್ಯತಂಡದ ಯಜಮಾನರು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾರೆ, ರಜಾದಿನ ಕೀಬೋರ್ಡ್ ನುಡಿಸುತ್ತಾರೆ.

"ನೋಡಮ್ಮ, ಬೇಜಾರು ಮಾಡ್ಕೋಬೇಡ. ಇವತ್ತು ಸಂಜೆನೂ ಅದೇ ವೇದಿಕೆ, ಅದೇ ಜನ. ನಿಮ್ಮಣ್ಣ ಬರ್ತೀನಿ ಅಂದಿದಾನೆ. ಅವನ ಗಿಟಾರು, ಅವನಿಗೆ ಹಿಡಿದು ಅಭ್ಯಾಸ ಇರುತ್ತೆ. ನೀನು ಸ್ವಲ್ಪ ದಿನ ವಿಶ್ರಾಂತಿ ತಗೋ."

ಮೇಷ್ಟ್ರ ವಿಶ್ರಾಂತಿ ಎಂಥದ್ದು ಅಂತ ನನಗೆ ಗೊತ್ತು. ಹಿಂದೆ ಒಬ್ಬ ಹಾಡುಗಾರನಿಗೂ ಹೀಗೇ ಸ್ವಲ್ಪ ದಿನ ಕೊಟ್ಟಿದ್ದರು. ಅವನು ಇವತ್ತಿನವರೆಗೂ ವಿಶ್ರಾಂತಿಯಲ್ಲೇ ಇದ್ದಾನೆ.

ಅದಕ್ಕಿಂತ ಹೆಚ್ಚು ಮೈ ಉರಿದದ್ದು 'ಅವನ ಗಿಟಾರು' ಅನ್ನುವ ಮಾತಿಗೆ. ಅಣ್ಣ ಕಾಲೇಜಿನಲ್ಲಿದ್ದಾಗ ಹಟ ಹಿಡಿದು ಅಪ್ಪನಿಂದ ಅದನ್ನು ಕೊಡಿಸಿಕೊಂಡ. ಮೂರು ಹಾಡು ಕಲಿತ, ಬೆರಳು ನೋಯುತ್ತೆ ಅಂತ ಬೀರುವಿನ ಮೇಲೆ ಎತ್ತಿಟ್ಟ. ಅದನ್ನು ಇಳಿಸಿ, ಧೂಳು ಒರೆಸಿ, ಬೆರಳಿನಲ್ಲಿ ಗುಳ್ಳೆ ಎದ್ದು ಒಡೆಯುವವರೆಗೂ ನುಡಿಸಿದವಳು ನಾನು. ಆದರೂ ಮನೆಯಲ್ಲಿ ಅದು ಅಣ್ಣನ ಗಿಟಾರು. ಅಣ್ಣ ಮದುವೆಯಾಗಿ ಎರಡು ಬೀದಿ ಆಚೆ ಬೇರೆ ಮನೆ ಮಾಡಿದ ಮೇಲೂ ಅಣ್ಣನ ಗಿಟಾರೇ.

ಇನ್ನೊಂದು ವಿಷಯ ಹೇಳಬೇಕು. ನಾನು ಎಡಚಿ. ಅಣ್ಣ ನನ್ನನ್ನು ಕರೆಯುವುದೂ ಹಾಗೆಯೇ. ಬಲಗೈಯವರಿಗಾಗಿ ಮಾಡಿದ ಗಿಟಾರನ್ನು ನಾನು ಮಗುಚಿ ಹಿಡಿಯುತ್ತೇನೆ. ತಂತಿ ಬದಲಿಸಿ ಕೊಡಿ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. "ಬದಲಿಸಿದ್ರೆ ಅಣ್ಣ ಹೇಗೆ ನುಡಿಸ್ತಾನೆ?" ಅಂದಿದ್ದರು ಅಪ್ಪ. ಹಾಗಾಗಿ ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ, ಎಲ್ಲವನ್ನೂ ತಲೆಕೆಳಗಾಗಿಯೇ ಕಲಿತೆ. ಈಗ ಯಾರಾದರೂ ಸರಿ ಮಾಡಿ ಕೊಟ್ಟರೂ ನನಗೆ ನುಡಿಸಲು ಬಾರದು.

ಗಿಟಾರಿನ ಕತ್ತಿನ ಎರಡು ಬದಿಗೆ ಎರಡು ಕೊಂಬು, ಒಂದು ಉದ್ದ, ಒಂದು ಗಿಡ್ಡ. ಅಣ್ಣನಿಗೆ ಪಿನ್ನು ಉದ್ದದ ಕೊಂಬಿನಲ್ಲಿರಬೇಕು. ಮಗುಚಿ ಹಿಡಿಯುವ ನನಗೆ ಗಿಡ್ಡದರಲ್ಲಿರಬೇಕು. ಬುಡದಲ್ಲಿರುವುದನ್ನು ಬಿಟ್ಟರೆ ಇರುವುದು ಒಂದೇ ಪಿನ್ನು. ಸ್ನೇಹಿತರ ಮನೆಯಲ್ಲಿ ಊಟ ಇದೆ ಅಂದರೆ ಸಾಕು, ಅಣ್ಣ ಬಂದು ನನ್ನ ಕೊಂಬಿನಿಂದ ಪಿನ್ನು ಬಿಚ್ಚಿ ತನ್ನ ಕೊಂಬಿಗೆ ಹಾಕಿಕೊಂಡು ಹೋಗಿ ಅದೇ ಮೂರು ಹಾಡು ನುಡಿಸುತ್ತಾನೆ. ವಾಪಸು ತರುವಾಗ ಮತ್ತೆ ಬಿಚ್ಚಿ ನನ್ನ ಕಡೆಗೆ ತಿರುಗಿಸಿ ಕೊಡುತ್ತಾನೆ. ಇದು ಅವನ ಪ್ರಕಾರ ಉಪಕಾರ. ನಾನೇ ಒಮ್ಮೆ ಇನ್ನೊಂದು ಪಿನ್ನು ತಂದು ಹಾಕಿದ್ದೆ. ನುಡಿಸುವಾಗ ಕೈಗೆ ಚುಚ್ಚುತ್ತೆ ಅಂತ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ, ಅತ್ತಿಗೆ ಆ ಪ್ಯಾಂಟನ್ನು ಒಗೆಯಲು ಹಾಕಿದರು, ಪಿನ್ನು ಮೋರಿ ಸೇರಿತು. ಆ ಮೂರು ಹಾಡಿಗೆ ಚುಚ್ಚುವ ಜಾಗದವರೆಗೆ ಅವನ ಕೈ ಹೋಗುವುದೇ ಇಲ್ಲ, ಆ ಮಾತು ಬೇರೆ.

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಬೆಳಗಿನಿಂದ ಸಂಜೆವರೆಗೆ ಸಾಸಿವೆ ಗಾತ್ರದ ಸ್ಕ್ರೂ ಬಿಗಿ ಮಾಡುವುದೇ ನನ್ನ ಹೊಟ್ಟೆಪಾಡು. ಪದೇ ಪದೇ ಬಿಚ್ಚಿ ಹಾಕಿದರೆ ಲೋಹವೇ ಸವೆಯುತ್ತದೆ, ಇನ್ನು ಮರ ಎಷ್ಟು ತಡೆದೀತು? ಅಂಥ ನನಗೆ ಹಿಡಿಯಲು ಬರುವುದಿಲ್ಲವಂತೆ.

ಫೋನಿಟ್ಟವಳೇ ಗಿಟಾರನ್ನು ಅಡುಗೆಮನೆ ಮೇಜಿನ ಮೇಲೆ ಹಳೇ ಚಾದರ ಹಾಸಿ ಮಲಗಿಸಿದೆ. ಅಮ್ಮ ಅಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬಿದ್ದ ಏಟಿಗೆ ಗಿಡ್ಡ ಕೊಂಬಿನ ಕೆಂಪು ಬಣ್ಣ ಎದ್ದುಹೋಗಿತ್ತು. ಕಿತ್ತು ಬಂದ ಪಿನ್ನನ್ನು ನಿನ್ನೆ ಹಾಗೇ ಚೀಲಕ್ಕೆ ಎಸೆದಿದ್ದೆ. ಈಗ ತೆಗೆದು ಬೆಳಕಿಗೆ ಹಿಡಿದರೆ ಅದರ ಸ್ಕ್ರೂ ಸುತ್ತ ಬೂದುಬಣ್ಣದ ಏನೋ ಮೆತ್ತಿಕೊಂಡಿತ್ತು. ಮೂಸಿದೆ. ಪುದೀನ ವಾಸನೆ.

ಚೂಯಿಂಗ್ ಗಮ್. ಸಿಗರೇಟು ಬಿಟ್ಟಾಗಿನಿಂದ ಅಣ್ಣ ಅಗಿಯುವುದು ಇದನ್ನೇ. ಹೋದ ವಾರ ಗಿಟಾರು ವಾಪಸು ತಂದಾಗ ತೂತು ಸಡಿಲವಾಗಿದ್ದನ್ನು ಅವನು ನೋಡಿದ್ದಾನೆ. ನೋಡಿ, ಬಾಯಲ್ಲಿದ್ದದ್ದನ್ನು ಉಗಿದು ತುರುಕಿ, ಮೇಲೆ ಪಿನ್ನು ಕೂರಿಸಿ, ನನ್ನ ಕೈಗೆ ಕೊಟ್ಟು ಹೋಗಿದ್ದಾನೆ. ಆ ಎಂಜಲನ್ನು ನಂಬಿಕೊಂಡು ನಾನು ವೇದಿಕೆ ಹತ್ತಿದ್ದೆ.

"ನೋಡಮ್ಮ ನಿನ್ನ ಮಗ ಮಾಡಿರೋ ರಿಪೇರಿ," ಅಂತ ತಟ್ಟೆಯಲ್ಲಿಟ್ಟು ತೋರಿಸಿದೆ.

"ಅವನಿಗೇನು ಗೊತ್ತಾಗುತ್ತೆ? ಒಳ್ಳೇದಕ್ಕೇ ಮಾಡಿರ್ತಾನೆ. ಅಣ್ಣ ಅಲ್ವಾ, ಬಿಟ್ಟುಬಿಡು," ಅಂದಳು ಅಮ್ಮ.

ಬಿಟ್ಟು ಬಿಟ್ಟೇ ನನ್ನ ಗತಿ ಇಲ್ಲಿಗೆ ಬಂದಿರುವುದು. ಹೇರ್‌ಪಿನ್ನಿನಿಂದ ತೂತಿನೊಳಗಿನ ಅಂಟನ್ನೆಲ್ಲ ಕೆರೆದು ಅದೇ ತಟ್ಟೆಗೆ ಹಾಕಿದೆ. ಬೆಂಕಿಕಡ್ಡಿಗಳ ತಲೆ ಮುರಿದು, ಬಡಗಿಗಳು ಬಳಸುವ ಬಿಳಿ ಗೋಂದಿನಲ್ಲಿ ಅದ್ದಿ, ಹಿಡಿಯುವಷ್ಟನ್ನೂ ಒಳಗೆ ತಳ್ಳಿ ಸಣ್ಣಗೆ ಬಡಿದೆ. ಹೊರಗೆ ಉಳಿದ ತುದಿಗಳನ್ನು ಬ್ಲೇಡಿನಿಂದ ಸಮ ಮಾಡಿದೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಉದ್ದ ಕೊಂಬಿನ ತೂತು ನನ್ನನ್ನೇ ನೋಡುತ್ತಿತ್ತು. ಅದಕ್ಕೂ ಕಡ್ಡಿ ತುಂಬಿದೆ, ಅದನ್ನೂ ಸಮ ಮಾಡಿದೆ, ಉಜ್ಜಿ ನುಣುಪು ಮಾಡಿ ಮೇಲೆ ನನ್ನ ಉಗುರಿನ ಕೆಂಪು ಬಣ್ಣ ಹಚ್ಚಿದೆ. ಅಲ್ಲೊಂದು ತೂತು ಇತ್ತು ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಗೋಂದು ಚೆನ್ನಾಗಿ ಒಣಗಿದ ಮೇಲೆ ಗಿಡ್ಡ ಕೊಂಬಿನಲ್ಲಿ ಮೊಳೆಯಿಂದ ದಾರಿ ಮಾಡಿ, ಮೊದಲಿನದಕ್ಕಿಂತ ಉದ್ದದ ಸ್ಕ್ರೂ ಹಾಕಿ ಪಿನ್ನು ಕೂರಿಸಿದೆ. ಸ್ಕ್ರೂಗೂ ಅಂಟು ಬಳಿದೆ, ಕಬ್ಬಿಣವನ್ನೂ ಮರವನ್ನೂ ಒಂದೇ ಮಾಡಿಬಿಡುವಂಥ ಅಂಟು. ಅಂಗಡಿಯಲ್ಲಿ ಹಾಗೆ ಮಾಡಿದರೆ ಬೈಸಿಕೊಳ್ಳಬೇಕಾಗುತ್ತದೆ, ಹಾಕಿದ ಸ್ಕ್ರೂ ಮತ್ತೆ ಬಿಚ್ಚಲು ಬರಬೇಕು ಅನ್ನುವುದು ಅಲ್ಲಿನ ಪಾಠ. ಇದನ್ನು ಮತ್ತೆ ಬಿಚ್ಚುವುದು ನನಗೆ ಬೇಕಿರಲಿಲ್ಲ.

ಮಧ್ಯಾಹ್ನ ಅಣ್ಣ ಬಂದ. ಇಸ್ತ್ರಿ ಮಾಡಿದ ಕಪ್ಪು ಅಂಗಿ, ಬಾಯಲ್ಲಿ ಅದೇ ಗಮ್.

"ಏನೇ ಎಡಚಿ, ಮಾನ ಕಳೆದೆಯಂತೆ? ಹೋಗ್ಲಿ ಬಿಡು, ಇವತ್ತು ನಾನು ನೋಡ್ಕೋತೀನಿ," ಅಂತ ಸ್ಕ್ರೂಡ್ರೈವರ್ ಎತ್ತಿಕೊಂಡು ಮೇಜಿನ ಮುಂದೆ ಕೂತ. ಪಿನ್ನಿಗೆ ಹಾಕಿ ತಿರುಗಿಸಿದ, ಅದು ಜಗ್ಗಲಿಲ್ಲ. ಎದ್ದು ನಿಂತು, ಹಲ್ಲು ಕಚ್ಚಿ ಮತ್ತೆ ತಿರುಗಿಸಿದ. ಸ್ಕ್ರೂಡ್ರೈವರೇ ಜಾರಿತು.

"ಇದಕ್ಕೇನು ಮಾಡಿದೀಯ?"

"ಬೀಳದ ಹಾಗೆ ಮಾಡಿದೀನಿ."

ಅವನು ಉದ್ದ ಕೊಂಬಿನ ಮೇಲೆ ಬೆರಳಾಡಿಸಿದ, ಗಿಟಾರನ್ನು ಬೆಳಕಿಗೆ ತಿರುಗಿಸಿ ನೋಡಿದ. "ಇಲ್ಲಿ ನನ್ನ ತೂತು ಇತ್ತಲ್ಲೇ."

"ಇತ್ತು. ಮುಚ್ಚಿದೆ."

ಅಮ್ಮ ಬೆಳ್ಳುಳ್ಳಿ ಬುಟ್ಟಿ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು. ಅಣ್ಣನಿಗೆ ಪೌರುಷ ಬಂತು. ಪಿನ್ನು ಇರುವ ಕಡೆಗೇ ಪಟ್ಟಿ ಸಿಕ್ಕಿಸಿ ಹೆಗಲಿಗೆ ಹಾಕಿಕೊಂಡ. ಗಿಟಾರಿನ ಕತ್ತು ಅವನ ಬಲಕ್ಕೆ ಹೋಯಿತು, ದಪ್ಪ ತಂತಿ ಕೆಳಗೆ ಬಂತು. ಮೊದಲ ಹಾಡು ಶುರು ಮಾಡಿದ. ಬೆರಳು ಹೋದಲ್ಲೆಲ್ಲ ಬೇರೆ ಸ್ವರ. ಗಮ್ ಅಗಿಯುವುದು ನಿಂತಿತು.

"ಇದೆಲ್ಲಾ ತಲೆಕೆಳಗಾಗಿದೆ ಕಣೇ. ಹೀಗೆ ಹೇಗೆ ನುಡಿಸ್ತೀಯ?"

ನನಗೆ ಅಳು ಬರುವಷ್ಟು ಸಿಟ್ಟು ಬಂತು. "ಇಷ್ಟು ವರ್ಷಕ್ಕೆ ಇವತ್ತು ಕೇಳಿದೆ ಅಣ್ಣ. ನಂಗೆ ದಿನಾ ಹೀಗೇ. ಒಂದು ದಿನನಾದ್ರೂ ಬೀರುವಿನ ಮೇಲೆ ಎತ್ತಿಟ್ಟಿದೀನಾ? ನಿನ್ನ ಎಂಜಲು ತುಂಬಿದ ತೂತಿಂದ ಗಿಟಾರು ಬಿತ್ತು, ಮರ್ಯಾದೆ ಹೋಗಿದ್ದು ನಂದು." ಗಮ್ ಇದ್ದ ತಟ್ಟೆಯನ್ನು ಅವನ ಮುಂದೆ ತಳ್ಳಿದೆ. "ಮೇಷ್ಟ್ರಿಗೆ ಫೋನ್ ಮಾಡು."

ಅವನು ತಟ್ಟೆ ನೋಡಿದ, ಅಮ್ಮನನ್ನು ನೋಡಿದ. ಅಮ್ಮ ಈ ಸಲ ಬಿಟ್ಟುಬಿಡು ಅನ್ನಲಿಲ್ಲ. ಫೋನು ತೆಗೆದ.

"ಮೇಷ್ಟ್ರೇ, ಅದು ಪಿನ್ನು ಸಡಿಲ ಆಗಿತ್ತಂತೆ." ನಾನು ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದೆ. ಅವನು ಗಂಟಲು ಸರಿಮಾಡಿಕೊಂಡ. "ಇಲ್ಲ, ನಾನೇ ಬಿಚ್ಚಿ ಸರಿಯಾಗಿ ಹಾಕಿರ್ಲಿಲ್ಲ. ಅವಳದೇನೂ ತಪ್ಪಿಲ್ಲ. ಈಗ ಗಟ್ಟಿ ಮಾಡಿದಾಳೆ. ಅವಳೇ ಬರ್ತಾಳೆ."

ಸಂಜೆ ಗಿಟಾರನ್ನು ಚೀಲಕ್ಕೆ ಹಾಕದೆ ಹೆಗಲಿಗೇ ಏರಿಸಿಕೊಂಡು ಹೊರಟೆ. ನೋಡುವವರು ನೋಡಲಿ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅಮ್ಮ ಯಾವತ್ತಿನ ಹಾಗೇ ಒಳಗಿಂದ ಕೂಗಿದಳು.

"ಅಣ್ಣನ ಗಿಟಾರು, ಜೋಪಾನ ಕಣೇ."

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅಣ್ಣನ ದನಿ ಬಂತು. "ಅವಳದ್ದು ಕಣಮ್ಮ. ನಂಗದು ಉಲ್ಟಾ."

ಅಷ್ಟಕ್ಕೆಲ್ಲ ನನ್ನ ಸಿಟ್ಟು ಇಳಿಯಲಿಲ್ಲ. ಈ ಒಂದು ಮಾತು ಹೇಳಲು ಇವನಿಗೆ ಗಿಟಾರು ನೆಲಕ್ಕೆ ಬೀಳಬೇಕಿತ್ತೇ ಅಂತ ಬೈದುಕೊಳ್ಳುತ್ತಲೇ, ಮೆಟ್ಟಿಲುಗಳನ್ನು ದಬದಬ ಇಳಿದೆ. ಪಿನ್ನು ಅಲುಗಲಿಲ್ಲ.